ಎಡಿನ್‌ಬರೋದ ಹಳೆಯ ಮುದ್ರಚಿತ್ರ: ಮೂಲ ಪ್ರತಿಯೋ, ಈಗಿನ ಪ್ರತಿಯೋ?

ಪ್ರಶ್ನೆ: ಎಡಿನ್‌ಬರೋದಲ್ಲಿ ಓದು ಮುಗಿಸಿ ಮಂಗಳೂರಿಗೆ ಮರಳುತ್ತಿದ್ದೇನೆ. ಅಲ್ಲಿನ ಹಳೆಯ ಬೀದಿಗಳನ್ನು ತೋರಿಸುವ, ಹತ್ತೊಂಬತ್ತನೆಯ ಶತಮಾನದ ಚಿತ್ರಕಾರ ಥಾಮಸ್ ಶೆಫರ್ಡ್ ಅವರ ಮುದ್ರಚಿತ್ರವೊಂದನ್ನು ಮನೆಗೆ ತರುವ ಆಸೆಯಿದೆ. ಹಳೆಯ ಮೂಲ ಪ್ರತಿಯನ್ನೇ ಕೊಳ್ಳಬೇಕೇ, ಈಗ ಅಚ್ಚು ಹಾಕಿದ್ದು ಸಾಕೇ? ಕೊಂಡು ಅನುಭವವಿರುವವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ಶೆಫರ್ಡ್ ಅವರ ಎಡಿನ್‌ಬರೋ ನೋಟಗಳು 1829ರಲ್ಲಿ ‘ಮಾಡರ್ನ್ ಅಥೆನ್ಸ್’ ಎಂಬ ಪುಸ್ತಕವಾಗಿ ಬಂದವು, ಅಂಗಡಿಯಲ್ಲಿ ಮೂಲವೆಂದು ಸಿಗುವುದು ಬಹುಮಟ್ಟಿಗೆ ಆ ಪುಸ್ತಕದಿಂದ ಬಿಡಿಸಿದ ಹಾಳೆ. ಚಿತ್ರಗಳನ್ನು ತಾಮ್ರದ ಬದಲು ಉಕ್ಕಿನ ತಗಡಿನಲ್ಲಿ ಕೊರೆದದ್ದರಿಂದ ಗೆರೆಗಳು ಬೇಗ ಸವೆಯಲಿಲ್ಲ, ಪ್ರತಿಗಳೂ ಹೇರಳವಾಗಿ ಅಚ್ಚಾದವು. ಹಾಗಾಗಿ ಮೂಲ ಪ್ರತಿಯೇನೂ ಕೈಗೆಟುಕದ ವಸ್ತುವಲ್ಲ, ಅದನ್ನೇ ಕೊಳ್ಳಿ ಎಂಬುದು ನನ್ನ ಸಲಹೆ. ಆದರೆ ಹಣ ಕೊಡುವ ಮೊದಲು ಭೂತಗನ್ನಡಿ ಹಿಡಿದು ಚಿತ್ರದ ಆಕಾಶವನ್ನು ನೋಡಿ. ಕೊರೆದ ಚಿತ್ರದಲ್ಲಿ ಕೂದಲೆಳೆಯಂಥ ಗೆರೆಗಳು ಒಂದರ ಪಕ್ಕ ಒಂದಾಗಿ ಸಾಗುತ್ತವೆ. ಆಫ್‌ಸೆಟ್ ಪ್ರತಿಯಲ್ಲಿ, ಅಂದರೆ ಈಗಿನ ಯಂತ್ರದ ಅಚ್ಚಿನಲ್ಲಿ, ಅದೇ ಆಕಾಶ ಸಾಲು ಸಾಲು ಚುಕ್ಕೆಗಳಾಗಿ ಒಡೆದು ಕಾಣುತ್ತದೆ. ಸುತ್ತಲೂ ತಗಡು ಒತ್ತಿದ ತಗ್ಗು ಕಾಣದಿದ್ದರೆ ನಕಲಿ ಎಂದು ತೀರ್ಮಾನಿಸಬೇಡಿ. ಅಂಚು ಕತ್ತರಿಸುವಾಗ ಅದು ಹೋಗಿರಬಹುದು. ಬಣ್ಣ ಹಚ್ಚಿದ್ದಕ್ಕೆ ಹೆಚ್ಚು ಬೆಲೆ ಹೇಳಿದರೆ ಒಪ್ಪಬೇಡಿ, ಈ ಹಾಳೆಗಳ ಬಣ್ಣ ಬಹುತೇಕ ನಂತರದವರ ಕೈಚಳಕ.

ಎರಡನೆಯ ಉತ್ತರ: ಬಣ್ಣದ ಮಾತನ್ನು ಎಲ್ಲ ಮುದ್ರಚಿತ್ರಗಳಿಗೂ ಅನ್ವಯಿಸಬಾರದು. ಆಕರ್ಮನ್ 1808ರಿಂದ 1810ರವರೆಗೆ ಪ್ರಕಟಿಸಿದ ಲಂಡನ್ನಿನ, ತಗಡನ್ನು ಆಮ್ಲದಿಂದ ಕೊರೆದು ನೆರಳಿನ ಛಾಯೆ ಮೂಡಿಸುವ ಬಗೆಯ 104 ಅಕ್ವಾಟಿಂಟ್‌ಗಳಿಗೆ, ಅಂದರೆ ಕಟ್ಟಡಗಳನ್ನು ಪ್ಯುಜಿನ್, ಜನರನ್ನು ರೋಲಂಡ್‌ಸನ್ ಬರೆದ ಆ ಚಿತ್ರಗಳಿಗೆ, ಪ್ರಕಾಶಕರೇ ಕೈಯಿಂದ ಬಣ್ಣ ಹಾಕಿಸಿದ್ದರು.

ಮೂರನೆಯ ಉತ್ತರ: ಮಂಗಳೂರು ಎಂದಿದ್ದೀರಿ, ನಾನು ಉಡುಪಿಯವಳು, ಆದ್ದರಿಂದ ಇದನ್ನು ಹೇಳಲೇಬೇಕು. ನಾನು ತಂದ ಹಾಳೆಯನ್ನು ಫ್ರೇಮ್ ಹಾಕುವವರು ಹಾರ್ಡ್‌ಬೋರ್ಡಿಗೆ ಪೂರ್ತಿ ಅಂಟಿಸಿ, ಗಾಜನ್ನು ಕಾಗದದ ಮೇಲೆಯೇ ಕೂರಿಸಿದ್ದರು. ಎರಡನೆಯ ಮಳೆಗಾಲ ಮುಗಿಯುವಷ್ಟರಲ್ಲಿ ಚಿತ್ರದಲ್ಲಿನ ಕೋಟೆಯ ಮೇಲಿನ ಆಕಾಶದ ತುಂಬ ಕಂದು ಚುಕ್ಕೆಗಳೆದ್ದವು, ಗಾಜು ತೆಗೆಯಲು ಹೋದಾಗ ಒಂದು ಮೂಲೆ ಕಿತ್ತುಬಂತು. ನೀವು ಚಿತ್ರದ ಹಿಂದಿನ ರಟ್ಟಿಗೆ ಆಮ್ಲರಹಿತ ಮೌಂಟ್ ಬೋರ್ಡನ್ನೇ ಕೇಳಿ ಹಾಕಿಸಿ. ಹಾಳೆಯನ್ನು ಮೇಲಂಚಿನ ಎರಡು ಕಡೆ ಮಾತ್ರ ತೆಳು ಕಾಗದದ ಪಟ್ಟಿಯಿಂದ, ಗಂಜಿಯ ಅಂಟಿನಲ್ಲಿ ತೂಗುಬಿಡಿಸಿ. ಗಾಜಿಗೂ ಹಾಳೆಗೂ ನಡುವೆ ಅಂತರವಿರಲಿ. ಮಳೆಗೆ ನೆನೆಯುವ ಹೊರಗೋಡೆ ಬೇಡ, ಬಿಸಿಲು ಬೀಳದ ಒಳಗೋಡೆಯನ್ನು ಆರಿಸಿ. ಹೊರಗೋಡೆಯಲ್ಲೇ ಚಿತ್ರ ಬೇಕೆಂದಿದ್ದರೆ ಅಲ್ಲಿಗೆ ಈಗಿನ ಪ್ರತಿಯೇ ಸರಿ.