ಫಾಲಾನಾ, ಫಾಲಿನಾ? ಪೋರ್ಚುಗೀಸ್ ಕಲಿತವರು ಅನುಭವ ಹೇಳಿ

ಕೇಳಿದವರು: ಸಾವೊ ಪಾವ್ಲೊ ಟೀಚರ್ ಹತ್ತಿರ ಆನ್‌ಲೈನ್ ಕಲಿಯುತ್ತಿದ್ದೇನೆ. ‘ಮಾತಾಡಿ’ ಅನ್ನೋಕೆ ಅವರು ‘ಫಾಲಾ’ ಅಂತಾರೆ. ಪುಸ್ತಕದಲ್ಲಿ ‘ಫಾಲಿ’ ಇದೆ. ಮುಂದಿನ ತಿಂಗಳು ಕೆಲಸಕ್ಕೆ ಬ್ರೆಜಿಲ್‌ನದೇ ಬಾಹಿಯಾ ರಾಜ್ಯದ ಸಾಲ್ವಡೋರ್‌ಗೆ ಹೋಗಬೇಕು. ಯಾವುದನ್ನು ರೂಢಿ ಮಾಡಿಕೊಳ್ಳಲಿ?

ಲಿಸ್ಬನ್ ಹುಡುಗಿ: ನನ್ನದೂ ಬ್ರೆಜಿಲ್ ಟೀಚರ್. ಗಂಟೆಗೆ 900 ರೂಪಾಯಿ, 64 ಗಂಟೆ, ಒಟ್ಟು 57,600. ಪೋರ್ಚುಗಲ್‌ಗೆ ಬಂದ ಎರಡನೇ ವಾರ ಮನೆ ಓನರ್ ಅಜ್ಜಿಗೆ ‘ಕಾಯಿರಿ’ ಅನ್ನೋಕೆ ‘ಇಸ್ಪೆರಾ’ ಅಂದುಬಿಟ್ಟೆ. ಬೀಗ ತೆಗೆಯುತ್ತಿದ್ದ ಅವರ ಕೈ ಹಾಗೇ ನಿಂತಿತು. ಇಲ್ಲಿ ಅದು ‘ತು’, ಅಂದರೆ ‘ನೀನು’ ಅನ್ನುವವರಿಗೆ ಹೇಳುವ ಮಾತು. ದೊಡ್ಡವರಿಗೆ ‘ಕಾಯೇ’ ಅಂದ ಹಾಗೆ! ‘ಇಸ್ಪೆರಿ’ ಅನ್ನಬೇಕಿತ್ತು, ಇಲ್ಲಿನವರ ಬಾಯಲ್ಲಿ ಬರೀ ‘ಷ್ಪೆರ್’. ‘ಬೇಡ’ ಅನ್ನುವಾಗಲಂತೂ ತು ಇದ್ದರೂ ಸಬ್ಜಂಕ್ಟಿವ್ವೇ (ಫಾಲಿ, ಇಸ್ಪೆರಿ ಥರದ ರೂಪ) ಬೇಕು. 64 ಗಂಟೆಯಲ್ಲಿ ಒಮ್ಮೆಯೂ ಇದನ್ನು ಹೇಳಲಿಲ್ಲ.

ಪಾವ್ಲಿಸ್ತಾ 11 ವರ್ಷ: ಅವರು ಬ್ರೆಜಿಲ್‌ಗೆ ಹೋಗುವವರು. ಲಿಸ್ಬನ್ ಅಜ್ಜಿ ಯಾಕೆ? ನಾನು ಪುಸ್ತಕ ನಂಬಿ ಆಫೀಸಲ್ಲಿ ಎಲ್ಲರಿಗೂ ‘ಫಾಲಿ’, ‘ವೆನ್ಯಾ’ (ಬನ್ನಿ) ಅಂದೆ. ಆರು ತಿಂಗಳು ಊಟಕ್ಕೆ ಒಬ್ಬನೇ ಹೋದೆ. ‘ನೀನು ಆರ್ಡರ್ ಮಾಡಿದ ಹಾಗೆ ಇರುತ್ತೆ’ ಅಂತ ಕೊನೆಗೆ ಒಬ್ಬಳು ಹೇಳಿದಳು. ಇಲ್ಲಿ ಸಾವೊ ಪಾವ್ಲೊದಲ್ಲಿ ‘ವೊಸೆ’ (ನೀನು, ನೀವು ಎರಡಕ್ಕೂ) ಜೊತೆಗೂ ಫಾಲಾ, ‘ವೆನ್ಯಾ’ ಬದಲು ವೆಂ. ‘ವೆಂ ಪ್ರಾ ಕಾಯ್ಶಾ ವೊಸೆ ತಂಬೆಂ’ (ನೀವೂ ಕಾಯ್ಶಾಗೆ ಬನ್ನಿ) ಅಂತ ಬ್ಯಾಂಕ್ ಜಾಹೀರಾತೇ ಇತ್ತು. ಪುಸ್ತಕ ಮುಚ್ಚಿಡಿ.

ಬಾಹಿಯಾ ಸೊಸೆ: ದಯವಿಟ್ಟು ಮುಚ್ಚಬೇಡಿ! ಸಾಲ್ವಡೋರ್‌ನಲ್ಲಿ ‘ಓಲ್ಯಿ’ (ನೋಡಿ), ‘ವೆನ್ಯಾ’ನೇ ಜಾಸ್ತಿ. ನಮ್ಮತ್ತೆ ಎರಡು ವರ್ಷದ ಮಗಳನ್ನು ತೊಡೆ ಮೇಲೆ ಕರೆಯುವುದೂ ‘ವೆನ್ಯಾ ಕಾ’ ಅಂತಲೇ. ಅದರಲ್ಲಿ ಗದರಿಕೆ ಎಲ್ಲಿದೆ? ಮೊದಲ ವರ್ಷ ನಾನು ‘ವೆಂ’ ಅಂದರೆ ನಾದಿನಿ ‘ಟಿವಿಯವರ ಹಾಗೆ ಮಾತಾಡ್ತೀಯ’ ಅನ್ನುತ್ತಿದ್ದಳು. ಅತ್ತುಬಿಟ್ಟಿದ್ದೇನೆ. ಭಾಷಾತಜ್ಞೆ ಮಾರ್ತಾ ಶೆರ್ರೆ ಇದರ ಮೇಲೆ ಎಷ್ಟೋ ವರ್ಷ ಕೆಲಸ ಮಾಡಿದ್ದಾರೆ. ಇದು ಊರಿನ ವ್ಯತ್ಯಾಸ, ಮರ್ಯಾದೆಯದ್ದಲ್ಲ.

ಪಾವ್ಲಿಸ್ತಾ 11 ವರ್ಷ: ಒಂದು ಮನೆಯ ಮಾತನ್ನು ಇಡೀ ಊರಿಗೆ ಹಚ್ಚಬೇಡಿ.

ಬೆಲೊ ಒರಿಜೊಂಚಿ: ಬರೀ ಆಜ್ಞೆ ಮಾತಾಡ್ತೀರಲ್ಲ. ನಮ್ಮ ಮಿನಾಸ್ ರಾಜ್ಯದಲ್ಲಿ ‘ನಾನು ಮಾಡಲಾ?’ ಅನ್ನೋಕೆ ‘ಕೆರ್ ಕಿ ಎವು ಫಾಸು?’ ಅಂತಾರೆ. ಪಾಠದಲ್ಲಿ ಇರುವುದು ಸಬ್ಜಂಕ್ಟಿವ್ ‘ಫಾಸಾ’. ನನ್ನ ಗಂಡನ ಬಾಯಲ್ಲಿ ಬರುವುದು ಫಾಸುನೇ. ನಾನೂ ಅದನ್ನೇ ಕಲಿತೆ, ಹೆಮ್ಮೆಯಿದೆ.

ಪಾವ್ಲಿಸ್ತಾ 11 ವರ್ಷ: ಅದು ತಪ್ಪು. ಇಂಟರ್‌ವ್ಯೂನಲ್ಲಿ ಹಾಗಂದರೆ ಕೆಲಸ ಹೋಗುತ್ತೆ.

ಬೆಲೊ ಒರಿಜೊಂಚಿ: ನೀವು ಹೇಳುವ ‘ವೊಸೆ ಫಾಲಾ’ನೂ ವ್ಯಾಕರಣ ಪುಸ್ತಕಕ್ಕೆ ತಪ್ಪೇ. ನಿಮ್ಮದು ಮಾತ್ರ ರೂಢಿ, ನಮ್ಮದು ತಪ್ಪಾ? ನಾನು ಧಾರವಾಡದವಳು. ‘ಬರ್ರಿ’ ಅಂದಿದ್ದಕ್ಕೆ ಬೆಂಗಳೂರಿನ ಹಾಸ್ಟೆಲ್‌ನಲ್ಲಿ ‘ಬನ್ನಿ’ ಅಂತ ತಿದ್ದುತ್ತಿದ್ದರು. ಈ ತಿದ್ದುವಿಕೆ ನನಗೆ ಹೊಸದಲ್ಲ.

ಪಾವ್ಲಿಸ್ತಾ 11 ವರ್ಷ: ಧಾರವಾಡವನ್ನು ಮಧ್ಯೆ ತರಬೇಡಿ. ನಾನೂ ಹುಬ್ಬಳ್ಳಿಯವನೇ.

ಬೆಲೊ ಒರಿಜೊಂಚಿ: ಹಾಗಿದ್ದರೆ ‘ಬರ್ರಿ’ ತಪ್ಪು ಅಂತ ಬರೀರಿ ನೋಡೋಣ.