ಗೌಡರ ಟರ್ಕಿ ಸಂಸಾರ

ಹೆಸರಘಟ್ಟದ ಆಚೆ ನಮ್ಮ ಗೌಡರು ಟರ್ಕಿ ಕೋಳಿಗಳನ್ನು ಸಾಕಿದ್ದಾರೆಂದು ಕೇಳಿದಂದಿನಿಂದ ಬಸವನಗುಡಿಯ ರಾಯರಿಗೆ ಅವುಗಳನ್ನು ನೋಡಲೇಬೇಕೆಂಬ ಹಂಬಲ ಹತ್ತಿಕೊಂಡಿತ್ತು. ಮೊಟ್ಟೆಯನ್ನೂ ಮುಟ್ಟದ ಮನುಷ್ಯನಿಗೆ ಈ ಆಸೆ ಏಕೆ ಬಂದಿತೆಂದು ಕೇಳುವ ಧೈರ್ಯ ನಮಗಿರಲಿಲ್ಲ. ಭಾನುವಾರ ಮೇಷ್ಟ್ರೂ ನಾನೂ ಅವರ ಜೊತೆಗೆ ಹೊರಟೆವು.

ಕಾರು ನಿಂತಿತೋ ಇಲ್ಲವೋ, ಕಂಚಿನ ಬಣ್ಣದ ಹುಂಜವೊಂದು ಬಾಗಿಲಿನ ಹೊಳಪಿನಲ್ಲಿ ತನ್ನ ಬಿಂಬವನ್ನು ಕಂಡು, ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ, ರೆಕ್ಕೆಯ ತುದಿಯಿಂದ ನೆಲ ಗೀಚುತ್ತ, ನೋಡನೋಡುತ್ತಿದ್ದಂತೆ ಮುಖವನ್ನು ನೀಲಿಗೂ ಕತ್ತನ್ನು ಕೆಂಪಿಗೂ ತಿರುಗಿಸಿಕೊಂಡಿತು. ಕೊಕ್ಕಿನ ಮೇಲಿನ ಮಾಂಸದ ಎಸಳು ಉದ್ದವಾಗಿ ಜೋತುಬಿದ್ದಿತು.

“1612ರಲ್ಲಿ ಗೋವೆಯಿಂದ ಬಂದ ಈ ಹಕ್ಕಿಯನ್ನು ಕಂಡು ಬೆರಗಾದ ಜಹಾಂಗೀರನು ಆ ಎಸಳನ್ನು ಆನೆಯ ಸೊಂಡಿಲಿಗೆ ಹೋಲಿಸಿ ಬರೆದಿದ್ದಾನೆ” ಎಂದು ಮೇಷ್ಟ್ರು ಪಾಠ ಆರಂಭಿಸಿದರು.

“ಬಾದಶಹನಿಗೆ ಕಾರಿನ ಸಾಲದ ಕಂತು ಇರಲಿಲ್ಲ ಸ್ವಾಮಿ” ಎನ್ನುತ್ತ ರಾಯರು ಬಾಗಿಲಿಗೆ ಟವೆಲು ಹೊದಿಸಿದರು.

ಮೂಲದಲ್ಲಿ ಮೆಕ್ಸಿಕೊದ ಈ ಹಕ್ಕಿಗೆ ಇಂಗ್ಲಿಷರು ಟರ್ಕಿಯ ಹೆಸರನ್ನೂ, ಟರ್ಕಿಯವರು ಹಿಂದೂಸ್ಥಾನದ ಹೆಸರನ್ನೂ, ಡಚ್ಚರು ನಮ್ಮ ಕಲ್ಲಿಕೋಟೆಯ ಹೆಸರನ್ನೂ ಕಟ್ಟಿದರೆಂದು ಮೇಷ್ಟ್ರು ಮುಂದುವರಿಸಲು, ಎಲ್ಲರೂ ಬೇರೆ ಊರಿನದೆನ್ನುವ ಪ್ರಾಣಿ ಬೆಂಗಳೂರಿಗೆ ಹೇಳಿಮಾಡಿಸಿದಂತಿದೆ ಎಂದು ರಾಯರು ತೀರ್ಪಿತ್ತರು.

ಗೌಡರ ತಾಪತ್ರಯವೇ ಬೇರೆ. ಕಂಚು, ಬಿಳಿ, ಕಪ್ಪು ಎಂದು ಮೂರು ಬಣ್ಣದ ಮೂರು ಹುಂಜಗಳಿಗೆ ಎಂಟೇ ಹೇಂಟೆಗಳು. ಒಂದು ಹುಂಜಕ್ಕೆ ಐದಾದರೂ ಇರಬೇಕಾದಲ್ಲಿ ಲೆಕ್ಕ ತಪ್ಪಿದ್ದರಿಂದ, ಹುಂಜಗಳು ಪರಸ್ಪರ ಆ ಸೊಂಡಿಲನ್ನೇ ಕಚ್ಚಿ ಜಗ್ಗಾಡುತ್ತವೆ, ಹೇಂಟೆಗಳ ಬೆನ್ನಿನಲ್ಲಿ ಉಗುರಿನ ಗೀರು ಬೀಳುತ್ತದೆ. ಹೀಗಾಗಿ ಗೌಡರ ಮಡದಿ ತಮ್ಮ ಮಗನ ಹಳೆಯ ಜೀನ್ಸ್ ಪ್ಯಾಂಟನ್ನು ಕತ್ತರಿಸಿ ಪ್ರತಿ ಹೇಂಟೆಗೂ ಒಂದೊಂದು ಬೆನ್ನುಕವಚ ಹೊಲಿದಿದ್ದಾರೆ. ಅವುಗಳಲ್ಲಿ ಒಂದಕ್ಕೆ ಜೇಬು ಉಳಿದುಕೊಂಡಿದೆ.

“ಪಾಪ, ನಾಟಿ ಕೋಳಿಗಳನ್ನೇಕೆ ಬೇಲಿಯಾಚೆ ಇಟ್ಟಿದ್ದೀರಿ ಗೌಡರೇ?” ಎಂದರು ರಾಯರು.

“ಅವು ಮೈಲಿಗೆ” ಎಂದರು ಗೌಡರು ಗಂಭೀರವಾಗಿ. ಕೋಳಿಯ ಕರುಳಿನ ಹುಳುವಿನ ಮೊಟ್ಟೆಯೊಳಗೆ ಅಡಗಿ ಬರುವ ಏಕಕೋಶಜೀವಿಯೊಂದು, ಕೋಳಿಗೆ ಹೆಚ್ಚಾಗಿ ಏನೂ ಮಾಡದೆ, ಟರ್ಕಿಯ ಯಕೃತ್ತನ್ನು ಮಾತ್ರ ತಿಂದುಹಾಕುತ್ತದೆ. ಹಿಕ್ಕೆ ಗಂಧಕದಂತೆ ಹಳದಿಯಾದರೆ ಕಥೆ ಮುಗಿದಂತೆಯೇ. ಇದಕ್ಕೆ ಬ್ಲಾಕ್‌ಹೆಡ್ ಎಂಬ ಹೆಸರಿದ್ದರೂ ತಲೆ ಕಪ್ಪಾಗುವುದು ಅಪರೂಪ. ಎರೆಹುಳುವೂ ಆ ಮೊಟ್ಟೆಗಳನ್ನು ಹೊತ್ತು ತರುವುದರಿಂದ ಬೇಲಿಯೊಂದೇ ಸಾಲದು. ಒಂದು ಅಂಗಳದಿಂದ ಇನ್ನೊಂದಕ್ಕೆ ಹೋಗುವಾಗ ಗೌಡರು ಚಪ್ಪಲಿಯನ್ನೂ ಬದಲಾಯಿಸುತ್ತಾರೆ. ಕಾರಣ ಸಹಿತವಾದ ಮಡಿಯನ್ನು ಅರವತ್ತು ವರ್ಷಗಳಲ್ಲಿ ಇದೇ ಮೊದಲು ಕಾಣುತ್ತಿದ್ದೇನೆಂದು ರಾಯರು ಪುಳಕಿತರಾದರು.

ಮರಿಗಳದು ಇನ್ನೊಂದು ಪಾಡು. ಇಪ್ಪತ್ತೆಂಟು ದಿನ ಕಾವು ಪಡೆದು ಹೊರಬಂದರೂ ಅವಕ್ಕೆ ತಿನ್ನುವುದೂ ಕುಡಿಯುವುದೂ ತಾನಾಗಿ ಹೊಳೆಯದೆ, ಕಾಳಿನ ರಾಶಿಯ ಮುಂದೆಯೇ ಉಪವಾಸ ಸತ್ತವೂ ಉಂಟು. ಮೊದಲ ವಾರ ಬಲ್ಬಿನ ಕೆಳಗೆ 35 ಡಿಗ್ರಿ ಸೆಲ್ಸಿಯಸ್ ಬಿಸಿ ಕೊಟ್ಟು, ಪ್ರತಿಯೊಂದರ ಕೊಕ್ಕನ್ನೂ ನೀರಿಗೆ ಅದ್ದಿ, ತಟ್ಟೆಯಲ್ಲಿ ಬಣ್ಣದ ಗೋಲಿಗಳನ್ನು ಹಾಕಿಟ್ಟರೆ, ಹೊಳಪನ್ನು ಕುಕ್ಕಲು ಹೋಗಿ ನೀರು ಕುಡಿಯುತ್ತವೆ. ಕೋಳಿಮರಿಯೊಂದನ್ನು ಜೊತೆಗೆ ಬಿಟ್ಟರೆ ಅದೇ ಕಲಿಸಿಕೊಡುತ್ತದಂತೆ. ಆದರೆ ಮಡಿಯ ಪ್ರಶ್ನೆ ಬಂತಲ್ಲ!

ಇಷ್ಟರಲ್ಲಿ ರಸ್ತೆಯಲ್ಲಿ ಕಸದ ಗಾಡಿಯ ಹಾಡು ಕೇಳಿದ್ದೇ ತಡ, ಮೂರು ಹುಂಜಗಳೂ ಕತ್ತು ಚಾಚಿ ಒಟ್ಟಾಗಿ ಗಳಗಳಗಳ ಎಂದವು. ಗಟ್ಟಿ ಸದ್ದು ಯಾವುದೇ ಇರಲಿ, ಉತ್ತರ ಕೊಡದೆ ಬಿಡುವ ಜಾತಿಯಲ್ಲ ಅವು. ಮನೆಯಾಕೆಗೆ ಇದರಿಂದ ಅನುಕೂಲವೇ ಆಗಿದೆಯಂತೆ. ಹಿತ್ತಿಲಿನಲ್ಲಿದ್ದರೂ ಕುಕ್ಕರಿನ ಲೆಕ್ಕ ತಪ್ಪುವುದಿಲ್ಲ.

ರಾಯರಿಗಾಗಿ ಬೇಳೆ ಬೇಯುತ್ತಿತ್ತು. ಒಳಗೆ ಸೀಟಿ ಹೊಡೆಯಿತು, ಹೊರಗೆ ಗಳಗಳಗಳ. ಮೇಷ್ಟ್ರು ಮಾತು ನಿಲ್ಲಿಸಿ ಬೆರಳು ಮಡಿಸಿದರು: “ಇನ್ನು ಎರಡು.”