ಸಹಾಯ ಬೇಕು: ಟೇಕ್ ಆಫ್‌ಗೆ ಎದುರು ಪದ ಯಾವುದು?

ನಮಸ್ಕಾರ. ರಾಜಾಜಿನಗರದಲ್ಲಿ ಭಾನುವಾರ ಬೆಳಿಗ್ಗೆ ಕ್ಯಾಬ್ ಡ್ರೈವರ್‌ಗಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಪಿಕ್ ಅಪ್‌ಗೆ ಡ್ರಾಪ್ ಆಫ್, ಚೆಕ್ ಇನ್‌ಗೆ ಚೆಕ್ ಔಟ್, ಇವೆಲ್ಲ ಅವರಿಗೆ ನೀರು ಕುಡಿದಷ್ಟು ಸುಲಭ. ತಲೆನೋವು ಶುರುವಾಗುವುದು ಆಮೇಲೆ.

ಟೇಕ್ ಆಫ್ ನೋಡಿ. ಜಾಕೆಟ್ ಟೇಕ್ ಆಫ್ ಮಾಡಿದರೆ ಎದುರು ಪದ ಪುಟ್ ಆನ್. ದೇವನಹಳ್ಳಿಯಲ್ಲಿ ವಿಮಾನ ಟೇಕ್ ಆಫ್ ಆದರೆ ಎದುರು ಪದ ಲ್ಯಾಂಡ್. ಒಬ್ಬರು ಬೋರ್ಡ್ ಮೇಲೆ ‘ವಿಮಾನ ಪುಟ್ ಆನ್ ಆಯಿತು’ ಅಂತ ಬರೆದರು, ಇಡೀ ಕ್ಲಾಸ್ ಬಿದ್ದು ಬಿದ್ದು ನಕ್ಕಿತು. ಲೈಟ್ ಗೋ ಆಫ್ ಆದರೆ ಆರುತ್ತದೆ, ಅಲಾರಂ ಗೋ ಆಫ್ ಆದರೆ ಹೊಡೆದುಕೊಳ್ಳುತ್ತದೆ! ಫಾರಂ ಫಿಲ್ ಇನ್, ಫಿಲ್ ಔಟ್ ಎರಡೂ ಒಂದೇ. ಆಫ್ ತೆಗೆದು ಆನ್ ಹಾಕುವ ಉಪಾಯ ಎಲ್ಲ ಕಡೆ ನಡೆಯುವುದಿಲ್ಲ.

ಸುಮ್ನೆ ಪಟ್ಟಿ ಬೇಡ, ಅದು ನೆಟ್‌ನಲ್ಲಿ ಬೇಕಾದಷ್ಟಿದೆ. ಟ್ರಾಫಿಕ್, ಬಾಡಿಗೆ, ಗಿರಾಕಿ ಜೊತೆ ಮಾತು, ಇಂಥ ಸಂದರ್ಭದ ಜೋಡಿ ವಾಕ್ಯಗಳು ಬೇಕು. ನುಡಿಗಟ್ಟುಗಳೂ ಇರಲಿ. ಒನ್ಸ್ ಇನ್ ಎ ಬ್ಲೂ ಮೂನ್‌ಗೆ (ತೀರಾ ಅಪರೂಪಕ್ಕೆ) ಡೇ ಇನ್ ಡೇ ಔಟ್ (ದಿನಾ ಬಿಡದೆ) ಹೊಂದುತ್ತದೆ ಅಲ್ವಾ? ಅಂಡರ್ ದ ವೆದರ್‌ಗೆ (ಸ್ವಲ್ಪ ಹುಷಾರಿಲ್ಲ) ಫಿಟ್ ಆಸ್ ಎ ಫಿಡಲ್ (ಗಟ್ಟಿಮುಟ್ಟಾಗಿ ಆರೋಗ್ಯವಾಗಿದ್ದಾರೆ) ಸಾಕಾ, ಇಲ್ಲಾ ಅದು ಜಾಸ್ತಿಯಾಯಿತಾ? ಹೈಸ್ಕೂಲ್‌ನಲ್ಲಿ ಇಂಗ್ಲಿಷ್ ಕಲಿಸುವವರು ಇದ್ದರೆ ದಯವಿಟ್ಟು ಇಲ್ಲೇ ಬರೆಯಿರಿ. ಶನಿವಾರದೊಳಗೆ ಸಿಕ್ಕರೆ ತುಂಬಾ ಉಪಕಾರ.